ಚಕ್ರ ನೆಲಕ್ಕೆ ತಾಗಿದ ಮೇಲೆ

ನಮಸ್ಕಾರ. ಗೋಕುಲ ರೋಡಿನಲ್ಲಿದ್ದೇನೆ, ಹಿಂದೆ ಕಾಣುತ್ತಿರುವುದು ನಮ್ಮ ಹುಬ್ಬಳ್ಳಿ ಏರ್‌ಪೋರ್ಟ್. ಫ್ಲೈಯಿಂಗ್ ಟ್ರೈನಿಂಗಿನಿಂದ ರಜೆಗೆ ಬಂದವನು ಇಲ್ಲೂ ಬಂದು ಗಾಳಿ ನೋಡುತ್ತಾ ನಿಂತಿದ್ದೇನೆ, ನಗಬೇಡಿ.

ಇಲ್ಲಿನ ರನ್‌ವೇ 08 ಮತ್ತು 26, ಅಂದರೆ ಒಂದೇ ರನ್‌ವೇಯ ಎರಡು ದಿಕ್ಕು. 26 ಅಂದರೆ ಸುಮಾರು 260 ಡಿಗ್ರಿ, ಪಶ್ಚಿಮಕ್ಕೆ ಮುಖ ಮಾಡಿ ಇಳಿಯುವುದು. ಮಳೆಗಾಲದ ಗಾಳಿ ಪಶ್ಚಿಮದಿಂದ, ನೈಋತ್ಯದಿಂದ ಬರುತ್ತದೆ, ಹಾಗಾಗಿ 26ರಲ್ಲಿ ಇಳಿಯುವವರಿಗೆ ಹೆಚ್ಚಾಗಿ ಎದುರುಗಾಳಿ. ಆದರೆ ಅದೇ ಗಾಳಿ 230 ಡಿಗ್ರಿಗೆ ತಿರುಗಿ 20 ನಾಟ್ ವೇಗದಲ್ಲಿ ಬೀಸಿದರೆ, ಅದರಲ್ಲಿ 10 ನಾಟ್ ಅಡ್ಡಗಾಳಿ. ಇನ್ನು ಮೇ ತಿಂಗಳ ಅಡ್ಡಮಳೆ ಬಂತೋ, ಗಾಳಿ ಎಲ್ಲಿಂದ ನುಗ್ಗುತ್ತದೆ ಅಂತ ಹೇಳೋಕೇ ಆಗಲ್ಲ.

ಚಹಾದಂಗಡಿಯಲ್ಲಿ ಒಬ್ಬ ಕಾಕಾ ಕೇಳಿದರು: "ನೆಲ ಹತ್ತಿದ ಮ್ಯಾಲೆ ಇನ್ನೇನೈತೋ ತಮ್ಮಾ? ಬ್ರೇಕ್ ಒತ್ತಿದ್ರ ಮುಗೀತಲ್ಲ?"

ಮುಗಿಯಲ್ಲ ಕಾಕಾ. ಸೆಸ್ನಾ 172 ತರಹದ ಸಣ್ಣ ವಿಮಾನ ಗಾಳಿಯಲ್ಲಿ ನೇರವಾಗಿರುವುದು ಬಾಲದ ರಡ್ಡರ್‌ನಿಂದ, ಅಂದರೆ ಕಾಲಿನ ಪೆಡಲ್ ಒತ್ತಿದರೆ ಎಡಬಲಕ್ಕೆ ತಿರುಗುವ ಹಲಗೆಯಿಂದ. ರಡ್ಡರ್ ಕೆಲಸ ಮಾಡಬೇಕಾದರೆ ಅದರ ಮೇಲೆ ಗಾಳಿ ಹರಿಯಬೇಕು. ಇಳಿದು ವೇಗ ಇಳಿಯುತ್ತಿದ್ದಂತೆ ಆ ಹಿಡಿತ ಸಡಿಲ. ಮೂಗಿನ ಚಕ್ರಕ್ಕೋ, ಇನ್ನೂ ಪೂರ್ತಿ ಭಾರ ಬಂದಿರಲ್ಲ. ರಡ್ಡರ್ ಅರ್ಧ, ಚಕ್ರ ಅರ್ಧ. ಅಡ್ಡಗಾಳಿ ಬಾಲವನ್ನು ತಳ್ಳುವುದು ಆಗಲೇ, ಮೂತಿ ಗಾಳಿಯ ಕಡೆಗೆ ತಿರುಗುತ್ತದೆ.

ಈ ಕ್ಲೋಸಪ್ ನೋಡಿ. ಹಿಮ್ಮಡಿ ನೆಲದ ಮೇಲೆ, ಬೆರಳಿನ ಬುಡ ಪೆಡಲ್ ಮೇಲೆ. ಬ್ರೇಕ್ ಇರುವುದು ಅದೇ ಪೆಡಲ್‌ನ ಮೇಲ್ಭಾಗದಲ್ಲಿ, ಪಾದ ಮೇಲೆ ಜರುಗಿದರೆ ಗೊತ್ತಿಲ್ಲದೇ ಬ್ರೇಕ್ ಬೀಳುತ್ತದೆ, ಅದೂ ಒಂದೇ ಕಡೆಗೆ. ಕಾಲು ಒಂದು ಕ್ಷಣವೂ ಸುಮ್ನೆ ಇಲ್ಲ, ಎಡಕ್ಕೆ ಚೂರು, ಬಲಕ್ಕೆ ಚೂರು. ಕೈಯಲ್ಲಿ ಯೋಕ್, ಅಂದರೆ ವಿಮಾನದ ಸ್ಟೀರಿಂಗ್ ತರಹದ ಹಿಡಿ, ಗಾಳಿ ಬರುವ ಕಡೆಗೆ ತಿರುಗಿದೆ. ವೇಗ ಇಳಿದಷ್ಟೂ ಇನ್ನೂ ಜಾಸ್ತಿ ತಿರುಗುತ್ತದೆ. ಹೊಸಬರು ಚಕ್ರ ತಾಗಿದ ಕೂಡಲೇ ಕೈ ಸಡಿಲ ಬಿಡುತ್ತಾರೆ. ಇನ್‌ಸ್ಟ್ರಕ್ಟರ್ ಕೂಗುವುದು ಅಲ್ಲೇ.

ವೇಗ ಜಾಸ್ತಿ ಇಟ್ಟುಕೊಂಡು ಬಂದು ಮೂತಿಯನ್ನು ನೆಲಕ್ಕೆ ಒತ್ತುವುದು ಇನ್ನೊಂದು ಕೆಟ್ಟ ಚಾಳಿ. ರೆಕ್ಕೆ ಇನ್ನೂ ಎತ್ತುತ್ತಿರುತ್ತದೆ, ಹಿಂದಿನ ಚಕ್ರಗಳು ಹಗುರ, ಭಾರವೆಲ್ಲ ಮೂಗಿನ ಚಕ್ರದ ಮೇಲೆ. ವಿಮಾನ ಅದರ ಸುತ್ತಲೇ ತಿರುಗಿಬಿಡುತ್ತದೆ.

ಬಾಲದಲ್ಲಿ ಚಕ್ರ ಇರುವ ವಿಮಾನಗಳದ್ದು ಬೇರೆಯೇ ಕಥೆ. 1958ರಲ್ಲಿ ಮೊದಲು ಹಾರಿದ ಎಚ್‌ಎಎಲ್‌ನ ಪುಷ್ಪಕ್ ಅಂಥದ್ದೇ. ಅದರಲ್ಲಿ ಭಾರದ ಕೇಂದ್ರ ಮುಖ್ಯ ಚಕ್ರಗಳ ಹಿಂದಿರುತ್ತದೆ. ಕಬ್ಬಿನ ಟ್ರ್ಯಾಕ್ಟರ್ ರಿವರ್ಸ್ ತಗೊಳ್ಳುವಾಗ ಟ್ರೇಲರ್ ಒಂದು ಗೇಣು ಓರೆಯಾದರೆ ಸಾಕು, ನೋಡುನೋಡುತ್ತಿದ್ದಂತೆ ಅಡ್ಡ ನಿಲ್ಲುತ್ತದೆ ಅಲ್ವಾ? ಹಾಗೇ ಇದೂ ಗಿರ್ರನೆ ತಿರುಗುತ್ತದೆ. ಗ್ರೌಂಡ್ ಲೂಪ್ ಅನ್ನುತ್ತಾರೆ. ಮೂಗಿನ ಚಕ್ರದ ವಿಮಾನ ತಾನೇ ನೇರವಾಗಲು ನೋಡುತ್ತದೆ. ನನ್ನ ಕೇಳಿದರೆ, ನಮ್ಮ ಕಾಲು ಸೋಮಾರಿಯಾಗಿದ್ದು ಅದರಿಂದಲೇ.

ನೆಲ ತಾಗಿದ ಮೇಲೆ ಪಕ್ಕಕ್ಕೆ ಸರಿಯುವುದು ದೊಡ್ಡ ವಿಮಾನಕ್ಕೂ ತಪ್ಪಿದ್ದಲ್ಲ. 2015ರ ಮಾರ್ಚ್ 8ರಂದು ಬೆಂಗಳೂರಿನಿಂದ ಬಂದ ಕ್ಯೂ400 ಅನ್ನುವ ಪ್ರಯಾಣಿಕರ ವಿಮಾನ ಇದೇ ರನ್‌ವೇಯಲ್ಲಿ ಮಳೆಯಲ್ಲಿ ಇಳಿದು, ಎಡಕ್ಕೆ ಸರಿದು, ಅಂಚಿನ ದೀಪಗಳಿಗೆ ಬಡಿಯಿತು. ಎಡಗಡೆಯ ಲ್ಯಾಂಡಿಂಗ್ ಗೇರ್ ಮುರಿಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಚಕ್ರ ತಾಗಿದ ಮೇಲೆ ಮಳೆಯಲ್ಲಿ ಎದುರಿನದು ಕಾಣದೇ ಹೋಯಿತು ಅಂತ ತನಿಖೆ ಹೇಳಿತು.

ಇಳಿಯುವ ಮೊದಲೇ ವಿಮಾನ ಪಕ್ಕಕ್ಕೆ ತೇಲುತ್ತಿದ್ದರೆ ಪವರ್ ಕೊಟ್ಟು ಮೇಲೇರುವುದು ಸರಿ. ಆದರೆ ವೇಗ ಬಿದ್ದು ಮೂತಿ ತಿರುಗಿದ ಮೇಲೆ ಥ್ರಾಟಲ್ ಮುಟ್ಟಬಾರದು, ಎಂಜಿನ್ ಮೂತಿಯನ್ನು ಎಡಕ್ಕೆ ಇನ್ನಷ್ಟು ಎಳೆಯುತ್ತದೆ. ರನ್‌ವೇ ಬಿಟ್ಟು ಹುಲ್ಲಿಗೆ ಇಳಿದರೆ ಇಳಿಯಲಿ. ಬ್ರೇಕ್ ಜಗ್ಗಿ ಒತ್ತದೆ, ನೇರ ಇಟ್ಟು, ಯೋಕ್ ಹೊಟ್ಟೆಗೆ ಎಳೆದುಕೊಂಡು ನಿಲ್ಲಿಸಬೇಕು. ನಮ್ಮ ಕಡೆಯ ಎರೆಮಣ್ಣು ಮಳೆಯಲ್ಲಿ ನೆನೆದಿದ್ದರೆ ಮೂಗಿನ ಚಕ್ರವನ್ನು ಹಿಡಿದೇಬಿಡುತ್ತದೆ.