ಮುಚ್ಚಳ ತೆಗೀಬೇಡ: ಒಂದು ಹ್ಯಾಲಿಫ್ಯಾಕ್ಸ್ ಭಾನುವಾರ

ಇದು ಕೆನಡಾದ ಕ್ಯಾಲ್ಗರಿ. ಆಗಸ್ಟ್ ತಿಂಗಳ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಮೇಜಿನ ಮೇಲೆ ನೋಡಿ. ಮಣ್ಣು ಇನ್ನೂ ಅಂಟಿಕೊಂಡಿರುವ ಪುಟಾಣಿ ಆಲೂಗಡ್ಡೆ, ಎಳೆ ಕ್ಯಾರೆಟ್, ಹಸಿರು ಬೀನ್ಸ್, ಹಳದಿ ಬೀನ್ಸ್, ಒಂದು ಚೀಲ ಬಟಾಣಿ ಕಾಯಿ. ನಿನ್ನೆ ರೈತರ ಸಂತೆಯಿಂದ ತಂದದ್ದು.

ಇವತ್ತು ಈ ವಿಡಿಯೊದಲ್ಲಿ ಮೂರು ಅಡುಗೆ ಮಾಡುತ್ತೇನೆ. ಮೂರೂ ನೋವಾ ಸ್ಕೋಷಾದವು. ಅಂದರೆ ಇಲ್ಲಿಂದ ರಸ್ತೆಯಲ್ಲಿ ಹೋದರೆ ನಾಲ್ಕೂವರೆ ಸಾವಿರ ಕಿಲೋಮೀಟರಿಗೂ ಆಚೆ, ಅಟ್ಲಾಂಟಿಕ್ ಸಮುದ್ರದ ದಡದಲ್ಲಿರುವ ಪ್ರಾಂತ್ಯ. ತುಮಕೂರಿನಿಂದ ನಾನು ಮೊದಲು ಬಂದು ಇಳಿದದ್ದು ಅಲ್ಲಿನ ಹ್ಯಾಲಿಫ್ಯಾಕ್ಸ್‌ಗೆ. 2022ರ ಸೆಪ್ಟೆಂಬರ್. ಮೂರು ವರ್ಷ ಅಲ್ಲಿದ್ದೆ. ಆಮೇಲೆ ಕೆಲಸ ಸಿಕ್ಕಿ ಈ ಕಡೆ ಬಂದೆ. ನನ್ನ ಪಾಲಿಗೆ ಕೆನಡಾದಲ್ಲಿ ತವರು ಅಂತ ಇದ್ದರೆ ಅದು ಹ್ಯಾಲಿಫ್ಯಾಕ್ಸ್.

ಅಲ್ಲಿ ನಾನಿದ್ದದ್ದು ಒಂದು ಹಳೇ ಮರದ ಮನೆಯ ಕೆಳಗಿನ ಭಾಗದಲ್ಲಿ. ಮೇಲೆ ಮನೆ ಓನರ್. ವಯಸ್ಸು ಎಪ್ಪತ್ತೆಂಟು. ಅಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ನನಗೆ ಅದು ಬಾಯಿಗೇ ಬರಲಿಲ್ಲ. ಮೊದಲು ಮನಸ್ಸಿನಲ್ಲಿ, ಆಮೇಲೆ ಬಾಯಿಬಿಟ್ಟೇ 'ಅಜ್ಜಿ' ಅಂದೆ. ಅರ್ಥ ಹೇಳಿದ ಮೇಲೆ ಅವರೂ ಅದಕ್ಕೇ ಓಗೊಟ್ಟರು.

ಮೊದಲ ಅಡುಗೆ ಹಾಡ್ಜ್ ಪಾಡ್ಜ್, ಅಂದರೆ ಎಳೆ ತರಕಾರಿ ಬೇಯಿಸಿ ಬೆಣ್ಣೆ, ಕ್ರೀಮ್ ಬೆರೆಸಿದ್ದು. ವರ್ಷದಲ್ಲಿ ಕೆಲವೇ ವಾರ ಮಾಡುವ ಅಡುಗೆ ಇದು. ಜುಲೈ ಕೊನೆಗೆ, ಆಗಸ್ಟ್‌ನಲ್ಲಿ ಹೊಸ ತರಕಾರಿ ಬಂದಾಗ. ಆಗ ಅಜ್ಜಿ ಶನಿವಾರ ಬೆಳಿಗ್ಗೆ ಬೇಗ ಎದ್ದು ಹ್ಯಾಲಿಫ್ಯಾಕ್ಸ್ ಸಂತೆಗೆ ಹೋಗುತ್ತಿದ್ದರು. ಆ ಸಂತೆ 1750ರಿಂದ ನಡೆದುಕೊಂಡು ಬಂದಿದೆ. ತರಕಾರಿ ತಂದು, ಮೆಟ್ಟಿಲ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದರು. ಮೊದಲ ಸಲ ನೋಡಿದಾಗ ನಾನೂ ಸುಮ್ನೆ ಪಕ್ಕದಲ್ಲಿ ಕೂತು ಬಿಡಿಸತೊಡಗಿದೆ. ನಮ್ಮೂರಲ್ಲಿ ಅವರೆಕಾಯಿ ಕಾಲ ಅಂತ ಇದೆ, ಚಳಿಗಾಲ ಬಂತು ಅಂದರೆ ಬೀದಿಗೆಲ್ಲ ಸೊಗಡಿನ ವಾಸನೆ, ಮನೆಮಂದಿಯೆಲ್ಲ ಕೂತು ಕಾಯಿ ಸುಲಿಯುತ್ತೇವೆ, ಬೇಳೆ ಹಿತುಕುತ್ತೇವೆ ಅಂತ ಹೇಳಿದೆ. 'ಹಾಗಾದರೆ ನಿನಗೆ ಹಾಡ್ಜ್ ಪಾಡ್ಜ್ ಅರ್ಥವಾಗುತ್ತೆ' ಅಂದರು ಅಜ್ಜಿ.

ಈಗ ಒಲೆ ಕಡೆ ನೋಡಿ. ಅರ್ಧ ಕೆಜಿ ಆಲೂಗಡ್ಡೆ. ಸಿಪ್ಪೆ ತೆಗೆಯುವುದಿಲ್ಲ, ಚೆನ್ನಾಗಿ ಉಜ್ಜಿ ತೊಳೆದರೆ ಸಾಕು. ಇದರ ಸಿಪ್ಪೆ ಉಗುರು ತಾಗಿದರೂ ಏಳುತ್ತದೆ, ಅಷ್ಟು ತೆಳು. ಕ್ಯಾರೆಟ್ ಅದರ ಅರ್ಧದಷ್ಟು. ಮುಳುಗುವಷ್ಟೇ ನೀರು, ಉಪ್ಪು. ಹತ್ತು ನಿಮಿಷವಾದ ಮೇಲೆ ಬೀನ್ಸ್. ಬೀನ್ಸ್ ಬೆಂದಿತು ಅನ್ನುವಾಗ ಬಟಾಣಿ, ಅದಕ್ಕೆ ಎರಡೇ ನಿಮಿಷ. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಕೆಡುತ್ತದೆ. ಒಂದೊಂದು ತರಕಾರಿಯೂ ತನ್ನ ಹದಕ್ಕೇ ಬೇಯಬೇಕು. ಆಮೇಲೆ ನೀರನ್ನು ಬಹುಪಾಲು ಬಸಿದು, ತಳದಲ್ಲಿ ಸ್ವಲ್ಪ ಉಳಿಸಿಕೊಳ್ಳಿ. ಮೂರು ದೊಡ್ಡ ಚಮಚ ಬೆಣ್ಣೆ, ಒಂದು ಕಪ್ ಕ್ರೀಮ್, ಕಾಳುಮೆಣಸಿನ ಪುಡಿ. ಉರಿ ಸಣ್ಣದಿರಲಿ. ಕ್ರೀಮ್ ಬಿಸಿಯಾಗಬೇಕು, ಕುದಿಯಬಾರದು.

ಕ್ರೀಮ್ ಅಂದಾಗ ನೆನಪಾಯಿತು. ಹ್ಯಾಲಿಫ್ಯಾಕ್ಸ್‌ನಲ್ಲಿ ಹಾಲು ಪ್ಲಾಸ್ಟಿಕ್ ಪ್ಯಾಕೆಟ್‌ನಲ್ಲಿ ಸಿಗುತ್ತದೆ! ನಾಲ್ಕು ಲೀಟರಿನ ದೊಡ್ಡ ಚೀಲ, ಒಳಗೆ ಮೂರು ಪ್ಯಾಕೆಟ್. ಬಂದ ವಾರ ಅಂಗಡಿಯಲ್ಲಿ ಅದನ್ನು ನೋಡಿ, ನಂದಿನಿ ಪ್ಯಾಕೆಟ್ ನೆನಪಾಗಿ ಅಲ್ಲೇ ನಿಂತುಬಿಟ್ಟಿದ್ದೆ. ಕ್ಯಾಲ್ಗರಿಯಲ್ಲಿ ಅದಿಲ್ಲ, ಇಲ್ಲಿ ಎಲ್ಲ ಕ್ಯಾನು, ಡಬ್ಬ.

ಒಂದು ಮಾತು ಕೇಳಿಕೊಳ್ಳುತ್ತೇನೆ. ಮೊದಲ ಸಲ ಮಾಡುವಾಗ ಇದಕ್ಕೆ ಒಗ್ಗರಣೆ ಹಾಕಬೇಡಿ. ಹಸಿಮೆಣಸಿನಕಾಯಿಯೂ ಬೇಡ. ನನಗೂ ಕೈ ಹೋಗುತ್ತಿತ್ತು, ತಡೆದುಕೊಂಡೆ. ಸಾಸಿವೆ, ಇಂಗು, ಕರಿಬೇವು ಬಿದ್ದರೆ ರುಚಿಯಾಗುತ್ತೆ ನಿಜ. ಆದರೆ ಆಗ ಅದು ನಮ್ಮ ಸಾಗು ಆಗಿಬಿಡುತ್ತದೆ. ಸಾಗು ನಮಗೆ ಗೊತ್ತೇ ಇದೆ, ಅಲ್ವಾ? ಹೊಸ ಆಲೂಗಡ್ಡೆಗೆ ಒಂದು ಮಣ್ಣಿನ ಸಿಹಿ ಇದೆ. ಅದು ನಾಲಿಗೆಗೆ ಸಿಗಬೇಕಾದರೆ ಬೆಣ್ಣೆ, ಉಪ್ಪು ಮಾತ್ರ ಇರಬೇಕು. ಹಾಗೇ, ಜನವರಿಯಲ್ಲಿ ಫ್ರೋಜನ್ ತರಕಾರಿ ಹಾಕಿಯೂ ಇದನ್ನು ಮಾಡಬೇಡಿ. ನಾನು ಮಾಡಿ ನೋಡಿದ್ದೇನೆ. ಹೊಟ್ಟೆ ತುಂಬಿತು, ಹಾಡ್ಜ್ ಪಾಡ್ಜ್ ಆಗಲಿಲ್ಲ.

ಬಟ್ಟಲಿನ ತಳದಲ್ಲಿ ಉಳಿದ ಕ್ರೀಮನ್ನು ಬ್ರೆಡ್‌ನಲ್ಲಿ ಒರೆಸಿ ತಿನ್ನುವುದು. ಕ್ಯಾಮೆರಾ ಇದೆ ಅಂತ ಬಿಡಲಿಲ್ಲ, ನೋಡಿ.

ಎರಡನೆಯದು ಗಾರ್ಲಿಕ್ ಫಿಂಗರ್ಸ್. ಇದು ರಾತ್ರಿ ಒಂದು ಗಂಟೆಯ ತಿಂಡಿ. ಪರೀಕ್ಷೆ ಮುಗಿದ ರಾತ್ರಿ ಸ್ನೇಹಿತರೆಲ್ಲ ಡೊನೇರ್ ತಿನ್ನಲು ಹೋಗುತ್ತಿದ್ದರು. ಡೊನೇರ್ ಅಂದರೆ ಮಸಾಲೆ ಹಾಕಿದ ದನದ ಮಾಂಸವನ್ನು ಕಂಬಿಗೆ ಚುಚ್ಚಿ, ತಿರುಗಿಸುತ್ತಾ ಸುಟ್ಟು, ತೆಳುವಾಗಿ ಹೆರೆದು ಪೀಟಾ ರೊಟ್ಟಿಯಲ್ಲಿ ಸುತ್ತಿ ಕೊಡುವುದು. 1970ರ ದಶಕದ ಮೊದಲಲ್ಲಿ ಗ್ರೀಸ್‌ನಿಂದ ಬಂದವರು ತಮ್ಮ ದೇಶದ ಗೀರೋ ಅನ್ನುವ ಇಂಥದ್ದೇ ತಿನಿಸನ್ನು ಹ್ಯಾಲಿಫ್ಯಾಕ್ಸ್ ಜನರ ಬಾಯಿರುಚಿಗೆ ತಿದ್ದಿ ಮಾಡಿದ್ದು. ಕುರಿ ಮಾಂಸ ಹೋಗಿ ದನದ ಮಾಂಸ ಬಂತು. ಮೊಸರಿನ ಸಾಸ್ ಹೋಗಿ ಸಿಹಿ ಸಾಸ್ ಬಂತು. 2015ರಲ್ಲಿ ನಗರಸಭೆ ಅದನ್ನೇ ಊರಿನ ಅಧಿಕೃತ ತಿನಿಸು ಅಂತ ಘೋಷಿಸಿತು. ಹೊರಗಿನಿಂದ ಬಂದವರ ಅಡುಗೆ ನಲವತ್ತು ವರ್ಷದಲ್ಲಿ ಊರಿನ ಗುರುತೇ ಆಯಿತು. ನನ್ನಂಥವಳಿಗೆ ಇದು ತುಂಬಾ ದೊಡ್ಡ ವಿಷಯ.

ನಾನು ಮಾಂಸ ತಿನ್ನುವುದಿಲ್ಲ. ಆದರೆ ಅದೇ ಅಂಗಡಿಗಳಲ್ಲಿ ಗಾರ್ಲಿಕ್ ಫಿಂಗರ್ಸ್ ಇರುತ್ತದೆ. ಪಿಜ್ಜಾ ಹಿಟ್ಟನ್ನು ಲಟ್ಟಿಸಿ, ಟೊಮೆಟೊ ಸಾಸ್ ಬದಲು ಬೆಳ್ಳುಳ್ಳಿ ಬೆಣ್ಣೆ ಸವರಿ, ಮೇಲೆ ಚೀಸ್ ಹಾಕುತ್ತಾರೆ. ಬೆಂದ ಮೇಲೆ ತ್ರಿಕೋನವಾಗಿ ಅಲ್ಲ, ಬೆರಳಿನ ಹಾಗೆ ಉದ್ದುದ್ದ ಕತ್ತರಿಸುತ್ತಾರೆ. ಅದ್ದಿಕೊಳ್ಳಲು ಡೊನೇರ್ ಸಾಸ್.

ಹಿಟ್ಟು ಅಂಗಡಿಯದೇ ತಂದಿದ್ದೇನೆ. 450 ಡಿಗ್ರಿ ಫ್ಯಾರನ್‌ಹೀಟ್, ಹನ್ನೆರಡು ನಿಮಿಷ. ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ. ವಿಷಯ ಇರುವುದು ಸಾಸ್‌ನಲ್ಲಿ. 300 ಎಂಎಲ್ ಕಂಡೆನ್ಸ್ಡ್ ಮಿಲ್ಕ್ ಒಂದು ಡಬ್ಬ, ನಮ್ಮ ಮಿಲ್ಕ್‌ಮೇಡ್ ಇದೆಯಲ್ಲ ಅದೇ. ಅರ್ಧ ಚಮಚ ಬೆಳ್ಳುಳ್ಳಿ ಪುಡಿ. ಕಾಲು ಕಪ್ಪಿಗಿಂತ ಸ್ವಲ್ಪ ಜಾಸ್ತಿ ಬಿಳಿ ವಿನೆಗರ್. ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, 'ಅಯ್ಯೋ, ಮಿಲ್ಕ್‌ಮೇಡಿಗೆ ಬೆಳ್ಳುಳ್ಳಿನಾ?' ಅಂದಿದ್ದರು. ಹೌದಮ್ಮಾ. ಒಂದು ಸಲ ಅದ್ದಿ ತಿಂದು ನೋಡಿ, ಆಮೇಲೆ ಮಾತಾಡೋಣ.

ವಿನೆಗರ್ ಹಾಕಿದ ಮೇಲೆ ನಿಧಾನವಾಗಿ ನಾಲ್ಕೈದು ಸುತ್ತು ತಿರುಗಿಸಿ. ಹುಳಿ ತಾಗಿದ ಕೂಡಲೇ ಹಾಲಿನ ಪ್ರೋಟೀನ್ ಒಂದಕ್ಕೊಂದು ಅಂಟಿಕೊಂಡು ಸಾಸ್ ತಾನಾಗಿಯೇ ಗಟ್ಟಿಯಾಗುತ್ತದೆ. ಜಾಸ್ತಿ ಕಲಕಿದರೆ ಆ ಕಟ್ಟು ಬಿಟ್ಟುಹೋಗುತ್ತದೆ. ನಾನು ಮೊದಲ ಸಲ ಎಲೆಕ್ಟ್ರಿಕ್ ಬೀಟರ್ ಹಿಡಿದಿದ್ದೆ, ಪೂರ್ತಿ ನೀರಾಯಿತು. ನಿನ್ನೆ ರಾತ್ರಿಯೇ ಮಾಡಿ ಫ್ರಿಜ್‌ನಲ್ಲಿಟ್ಟದ್ದು ಇದು. ಚಮಚದಿಂದ ಹೇಗೆ ಇಳಿಯುತ್ತಿದೆ ನೋಡಿ. ಇಷ್ಟು ಗಟ್ಟಿ ಇರಬೇಕು.

ಸಂಜೆ ನಾಲ್ಕು ಗಂಟೆ. ಈಗ ಬ್ಲೂಬೆರಿ ಗ್ರಂಟ್, ಕುದಿಯುವ ಹಣ್ಣಿನ ಮೇಲೆ ಹಿಟ್ಟು ಬೇಯಿಸುವ ಸಿಹಿತಿಂಡಿ. ನಿಜ ಹೇಳಬೇಕೆಂದರೆ ಈ ವಿಡಿಯೊ ಮಾಡುತ್ತಿರುವುದೇ ಇದಕ್ಕಾಗಿ.

ನಾನು ಹ್ಯಾಲಿಫ್ಯಾಕ್ಸ್‌ಗೆ ಬಂದು ಮೂರು ವಾರವಾಗಿತ್ತು. ಸೆಪ್ಟೆಂಬರ್ 24ರ ನಸುಕಿನಲ್ಲಿ ಫಿಯೋನಾ ಚಂಡಮಾರುತ ನೋವಾ ಸ್ಕೋಷಾಕ್ಕೆ ಅಪ್ಪಳಿಸಿತು. ರಾತ್ರಿಯಿಡೀ ಮನೆ ನರಳುತ್ತಿತ್ತು. ಹಾಸಿಗೆಯಲ್ಲಿ ಕೂತೇ ಬೆಳಗು ಮಾಡಿದೆ. ಎದ್ದು ನೋಡಿದರೆ ಬೀದಿಗೆ ಅಡ್ಡಲಾಗಿ ಮರ, ಜೋತುಬಿದ್ದ ತಂತಿ, ಕರೆಂಟ್ ಇಲ್ಲ. ಫೋನಿನ ಚಾರ್ಜ್ ಮುಗಿಯುತ್ತಿತ್ತು. ಊರಿಗೆ ಹೇಗೆ ಸುದ್ದಿ ಕೊಡುವುದು ಅಂತ ಅಳು ಬಂದಿತ್ತು.

ಆಗ ಮೇಲಿನಿಂದ ಅಜ್ಜಿ ಬಾಗಿಲು ತಟ್ಟಿದರು. ಕೈಯಲ್ಲಿ ದೊಡ್ಡ ಚೀಲ. ಫ್ರೀಜರ್‌ನಲ್ಲಿದ್ದ ಬ್ಲೂಬೆರಿ ಕರಗುತ್ತಿದೆ, ಇವತ್ತೇ ಖರ್ಚು ಮಾಡಬೇಕು, ಬಾ ಅಂದರು. ಅವು ಕಾಡು ಬ್ಲೂಬೆರಿ. ಅಂಗಡಿಯ ದಪ್ಪ ಹಣ್ಣಲ್ಲ, ಮೆಣಸಿನ ಕಾಳಿಗಿಂತ ಸ್ವಲ್ಪ ದೊಡ್ಡವು. ಅಲ್ಲಿನ ಮೂಲ ಜನರಾದ ಮಿಗ್ಮಾಗರು ಬಹು ಹಿಂದಿನಿಂದ ತಿಂದುಕೊಂಡು ಬಂದ ಹಣ್ಣು. ಯಾರೂ ನೆಟ್ಟ ಗಿಡವಲ್ಲ, ತಾನಾಗಿ ಬೆಳೆದದ್ದು. ಹಣ್ಣು ಕಿತ್ತ ಮೇಲೆ ರೈತರು ಗಿಡವನ್ನು ನೆಲದ ಮಟ್ಟಕ್ಕೆ ಸವರುತ್ತಾರೆ. ಒಂದು ವರ್ಷ ಬರೀ ಚಿಗುರು, ಮರುವರ್ಷ ಹಣ್ಣು.

ಗ್ರಂಟ್‌ಗೆ ಓವನ್ ಬೇಡ. ಹಿಂದಿನ ಅಂಗಳದಲ್ಲಿ ಕ್ಯಾಂಪಿಂಗ್‌ನ ಗ್ಯಾಸ್ ಒಲೆ ಹಚ್ಚಿದರು. ನಾಲ್ಕು ಕಪ್ ಹಣ್ಣು, ಅರ್ಧ ಕಪ್ ಸಕ್ಕರೆ, ಅರ್ಧ ಕಪ್ ನೀರು, ನಿಂಬೆರಸ. ಅದು ಕುದಿಯುವಾಗ ಇನ್ನೊಂದು ಪಾತ್ರೆಯಲ್ಲಿ ಎರಡು ಕಪ್ ಮೈದಾ, ನಾಲ್ಕು ಚಿಕ್ಕ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಸ್ವಲ್ಪ ಸಕ್ಕರೆ, ಎರಡು ದೊಡ್ಡ ಚಮಚ ಬೆಣ್ಣೆ, ಕಲಸುವಷ್ಟು ಹಾಲು. ಮೊಟ್ಟೆ ಇಲ್ಲ. ಹಿಟ್ಟನ್ನು ಚಮಚದಲ್ಲಿ ಎತ್ತಿ ಕುದಿಯುವ ಹಣ್ಣಿನ ಮೇಲೆ ಬಿಟ್ಟು, ಗಟ್ಟಿಯಾಗಿ ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಹದಿನೈದು ನಿಮಿಷ. ಮಧ್ಯೆ ತೆಗೆದು ನೋಡಿದರೆ ಹಬೆ ಹೋಗಿ ಹಿಟ್ಟು ಗಟ್ಟಿಯಾಗುತ್ತದೆ. ಇಡ್ಲಿ ಪಾತ್ರೆಯ ಹಾಗೇ, ಕಡುಬಿನ ಹಾಗೇ. ನನಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೂರು ವಾರದಲ್ಲಿ ಮೊದಲ ಸಲ, ಇಲ್ಲಿನ ಯಾವುದೋ ಒಂದು ನನಗೆ ಮೊದಲೇ ಗೊತ್ತಿತ್ತು ಅನ್ನಿಸಿತು.

ಹಣ್ಣು ಕುದಿಯುತ್ತಾ ಮುಚ್ಚಳದ ಕೆಳಗೆ ಗುರ್ ಗುರ್ ಅನ್ನುತ್ತದೆ. ಅದಕ್ಕೇ ಗ್ರಂಟ್ ಅನ್ನುವ ಹೆಸರು ಅಂತ ಹೇಳುತ್ತಾರೆ. ಆವತ್ತು ಪಕ್ಕದ ಮನೆಯವರೂ ಬಟ್ಟಲು ಹಿಡಿದು ಬಂದರು. ನಮ್ಮ ಬೀದಿಗೆ ನಾಲ್ಕು ದಿನ ಕರೆಂಟ್ ಬರಲಿಲ್ಲ. ನಾಲ್ಕು ದಿನವೂ ನಾನು ಒಬ್ಬಳೇ ಉಣ್ಣಲಿಲ್ಲ.

ಈಗ ನನ್ನ ಪಾತ್ರೆಯಲ್ಲಿರುವುದು ಕ್ಯಾಲ್ಗರಿಯ ಅಂಗಡಿಯ ಫ್ರೀಜರ್‌ನಿಂದ ತಂದ ಕಾಡು ಬ್ಲೂಬೆರಿ. ಇದಕ್ಕೆ ಫ್ರೋಜನ್ ಪರವಾಗಿಲ್ಲ, ಅಜ್ಜಿಯದೂ ಫ್ರೀಜರ್‌ನದೇ ಆಗಿತ್ತಲ್ಲ. ಮುಚ್ಚಳ ಮುಚ್ಚಿದೆ. ಹ್ಯಾಲಿಫ್ಯಾಕ್ಸ್‌ನಲ್ಲಿ ಈಗ ಏಳು ಗಂಟೆ, ಊಟ ಮುಗಿದಿರುತ್ತದೆ. ವಿಡಿಯೊ ಕಾಲ್ ಮಾಡಿ ಫೋನನ್ನು ಒಲೆಯ ಹತ್ತಿರ ಹಿಡಿದೆ. ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ, ಕೇಳಿಸಿಕೊಂಡರು.

'ಎಷ್ಟು ನಿಮಿಷ ಆಯ್ತು?'

'ಒಂಬತ್ತು, ಅಜ್ಜಿ.'

'ಮುಚ್ಚಳ ತೆಗೀಬೇಡ.'

ತೆಗೆಯಲಿಲ್ಲ. ಇದು ಹದಿನೈದು ನಿಮಿಷದ ನಂತರ. ಮೇಲೆ ಬಿಳಿ, ಹತ್ತಿಯಷ್ಟು ಮೆತ್ತಗೆ. ಕೆಳಗೆ ಕಡು ನೇರಳೆ. ತಣ್ಣನೆಯ ಕ್ರೀಮ್ ಸುರಿದೆ. ಅರ್ಧ ತಿಂದು ಅರ್ಧ ಫ್ರಿಜ್‌ನಲ್ಲಿಟ್ಟಿದ್ದೇನೆ. ಅಜ್ಜಿ ಮನೆಯಲ್ಲಿ ಉಳಿದದ್ದನ್ನು ಮರುದಿನ ಬೆಳಿಗ್ಗೆ ತಣ್ಣಗೇ, ಕಾಫಿ ಜೊತೆ ತಿನ್ನುತ್ತಿದ್ದೆವು.