ಓಡುತ್ತಿರುವಾಗಲೇ ಕಾಪಿ ತೆಗೆದಿಡಿ

ನಮಸ್ಕಾರ ಎಲ್ಲರಿಗೂ. ಹೋದ ವಿಡಿಯೊ ಕೆಳಗೆ ಒಬ್ಬರು ಬರೆದಿದ್ದಾರೆ: "ಹಳೇ ಮಷಿನ್ ಅಂದ್ರೆ ಕಬ್ಬಿಣ ಸರ್. ಎಣ್ಣೆ ಬಿಡಿ, ತುಕ್ಕು ಒರೆಸಿ, ನೂರು ವರ್ಷ ಬಾಳುತ್ತೆ." ಓದಿದಾಗಿನಿಂದ ತಲೆ ಬಿಸಿಯಾಗಿದೆ.

ಕಾಲಲ್ಲಿ ತುಳಿಯುವ ಹೊಲಿಗೆ ಮಷಿನ್ ಆದರೆ ಒಪ್ಪಿದೆ. ಸಿಎನ್‌ಸಿ ಲೇತ್, ಅಂದ್ರೆ ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಮಷಿನ್, ಅದರ ಕಥೆಯೇ ಬೇರೆ. ಅದನ್ನು ನಡೆಸುವ ಕಂಪ್ಯೂಟರೇ ಕಂಟ್ರೋಲರ್. ಹಳೆಯ ಎಷ್ಟೋ ಕಂಟ್ರೋಲರ್‌ಗಳಲ್ಲಿ ಪ್ಯಾರಾಮೀಟರ್, ಅಂದ್ರೆ ಆ ಮಷಿನ್‌ನ ಸೆಟ್ಟಿಂಗ್ ಲೆಕ್ಕಗಳು, ಎಲ್ಲಾ ಒಂದು ಪುಟ್ಟ ಬ್ಯಾಟರಿಯ ಆಸರೆಯಲ್ಲಿ ಕೂತಿರುತ್ತವೆ. ಬ್ಯಾಟರಿ ಸತ್ತರೆ ಅವೂ ಹೋದವು. ಕಬ್ಬಿಣ ಫಳಫಳ ಹೊಳೆಯುತ್ತಿರುತ್ತದೆ, ಮಷಿನ್ ಮಾತ್ರ ಅಲುಗುವುದಿಲ್ಲ. ಅದಕ್ಕೇ ಹೇಳುವುದು, ಓಡುತ್ತಿರುವಾಗಲೇ ಕಾಪಿ ತೆಗೆದಿಡಿ.

ಮೊನ್ನೆ ಇಂಥದ್ದೇ ಕಂಟ್ರೋಲರ್‌ನ ಒಂದು ಹಳೇ ಸರ್ಕ್ಯೂಟ್ ಬೋರ್ಡ್ ಬಿಚ್ಚಿದೆ. ಬ್ಯಾಟರಿ ಸೋರಿ, ಪಕ್ಕದ ತಾಮ್ರದ ಗೆರೆಗಳೆಲ್ಲಾ ಹಸಿರುಗಟ್ಟಿದ್ದವು. ಎರಡು ಗೆರೆ ಸವೆದೇ ಹೋಗಿದ್ದವು. ನಡುವೆ ಒಂದು ಇಪ್ರಾಮ್ ಚಿಪ್, ಮಷಿನ್ ನಡೆಸುವ ಪ್ರೋಗ್ರಾಂ ಕೂತಿರುವ ಮೆಮೊರಿ. ಅದರ ಗಾಜಿನ ಕಿಂಡಿಗೆ ಅಂಟಿಸಿದ್ದ ಸ್ಟಿಕ್ಕರ್ ಅರ್ಧ ಎದ್ದಿತ್ತು. ಆ ಕಿಂಡಿಯೊಳಗೆ ಅಲ್ಟ್ರಾವಯಲೆಟ್ ಬೆಳಕು ಬಿದ್ದರೆ ಪ್ರೋಗ್ರಾಂ ಅಳಿಸಿಹೋಗುತ್ತದೆ. ಬೆಳಕು ಬೀಳದಿದ್ದರೂ ಒಳಗಿನ ಚಾರ್ಜ್ ವರ್ಷಗಟ್ಟಲೆ ಸೋರುತ್ತಲೇ ಇರುತ್ತದೆ. ಇದಕ್ಕೆ ಯಾವ ಎಣ್ಣೆ ಬಿಡ್ತೀರಿ?

"ಹೊಸ ಬೋರ್ಡ್ ಹಾಕಿದ್ರೆ ಆಯ್ತಲ್ವಾ?" ಬೋರ್ಡ್ ಸಿಗಬಹುದು ಸ್ವಾಮಿ. ಪ್ರೋಗ್ರಾಂ ಎಲ್ಲಿಂದ ತರ್ತೀರಿ?

ಮೆಕ್‌ಲಾರೆನ್ ಎಫ್1 ಕಾರು ಗೊತ್ತಲ್ವಾ? ಫಾರ್ಮುಲಾ ಒನ್ ರೇಸಿನದ್ದಲ್ಲ, ಆ ಹೆಸರಿನ ದುಬಾರಿ ಸ್ಪೋರ್ಟ್ಸ್ ಕಾರು. 1990ರ ದಶಕದ್ದು, ಮಾಡಿದ್ದೇ 106. ದುಡ್ಡಿಗೇನೂ ಬರವಿಲ್ಲದ ಕಾರು. ಅದರ ಸರ್ವಿಸ್‌ಗೆ ಕಂಪನಿಯವರು 2016ರಲ್ಲೂ ಆ ಕಾಲದ ಕಾಂಪ್ಯಾಕ್ ಲ್ಯಾಪ್‌ಟಾಪನ್ನೇ ಹುಡುಕಿ ಹುಡುಕಿ ಇಟ್ಟುಕೊಂಡಿದ್ದರು. ಕಾರಿನ ಜೊತೆ ಮಾತಾಡುವ ಕಾರ್ಡ್ ಕೂರುತ್ತಿದ್ದದ್ದು ಅದರಲ್ಲೇ! ಮಾಡಿದ ಕಂಪನಿಗೇ ಈ ಪಾಡು. ಬಾಗಿಲು ಹಾಕಿಕೊಂಡು ಹೋದ ಕಂಪನಿಯ ಮಷಿನ್ ಇಟ್ಟುಕೊಂಡವರ ಗತಿ ಏನು?

"ಕೆಟ್ಟಾಗ ನೋಡ್ಕೊಳ್ಳೋಣ" ಅನ್ನುವವರಿಗೆ ನನ್ನ ಹತ್ರ ಉತ್ತರವೇ ಇಲ್ಲ. ಕೆಟ್ಟ ಮೇಲೆ ಏನು ನೋಡ್ತೀರಿ? ಖಾಲಿ ಚಿಪ್ಪನ್ನಾ?

ಇಪ್ರಾಮ್ ಓದಿಸಿ ಅದರ ಪ್ರೋಗ್ರಾಂ ಕಾಪಿ ತೆಗೆಯುವುದನ್ನು ಮುಂದಿನ ವಿಡಿಯೊದಲ್ಲಿ ಕೈಯಾರೆ ಮಾಡಿ ತೋರಿಸುತ್ತೇನೆ. ಸಬ್‌ಸ್ಕ್ರೈಬ್ ಮಾಡಿಲ್ಲದಿದ್ದರೆ ಈಗಲೇ ಮಾಡಿ, ಬೆಲ್ ಒತ್ತಿ. ಅಷ್ಟರಲ್ಲಿ ನಿಮ್ಮ ಮಷಿನ್ ಓಡುತ್ತಿದೆಯಾ? ಮೊದಲು ಪ್ಯಾರಾಮೀಟರ್ ಕಾಪಿ ತೆಗೆಯಿರಿ, ಎರಡು ಕಡೆ ಇಡಿ. ಬ್ಯಾಟರಿ ಆಮೇಲೆ ಬದಲಿಸಿ. ಪವರ್ ಆನ್ ಇಟ್ಟೇ ಬದಲಿಸಬೇಕಾ ಅಂತ ಮ್ಯಾನುಯಲ್ ನೋಡಿಕೊಳ್ಳಿ, ಎಷ್ಟೋ ಮಷಿನ್‌ಗಳಲ್ಲಿ ಹಾಗೇ. ಒಂದೇ ಒಂದು ಚಿಪ್ ಉಳಿಸಿದರೂ ಕೆಳಗೆ ಬರೆಯಿರಿ. ಕೂತು ಓದುತ್ತೇನೆ.