ಹತ್ತರಿಂದ ಮೂರಕ್ಕೆ

ಕೇಳುಗರಿಗೆ ನಮಸ್ಕಾರ. ಬೆಂಗಳೂರಿನಲ್ಲಿ ಸ್ಟೇಡಿಯಂ ಅಂದರೆ ಹೆಚ್ಚಿನವರಿಗೆ ಮೊದಲು ನೆನಪಾಗುವುದು ಚಿನ್ನಸ್ವಾಮಿ. ಕ್ರಿಕೆಟ್ ಊರು, ಏನು ಮಾಡೋದು! ಆದರೆ ಕಬ್ಬನ್ ಪಾರ್ಕಿನ ಇನ್ನೊಂದು ಮಗ್ಗುಲಲ್ಲಿ ಕಂಠೀರವ ಇದೆ. ಇವತ್ತಿನ ಮಾತು ಅಲ್ಲಿ ಆಡುವ ಫುಟ್‌ಬಾಲ್ ತಂಡ ಬೆಂಗಳೂರು ಎಫ್‌ಸಿ ಬಗ್ಗೆ, ಅದರಲ್ಲೂ 2024-25ರ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಬಗ್ಗೆ. ಸ್ಪೇನಿನ ಕೋಚ್ ಜೆರಾರ್ಡ್ ಜರಗೋಜಾ ಈ ತಂಡವನ್ನು ಮೊದಲಿನಿಂದ ಕೊನೆಯವರೆಗೆ ನಡೆಸಿದ ಮೊದಲ ಲೀಗ್ ಅದು.

ಹೊಸ ಕೋಚ್ ಬಂದರೆ ಸಾಕು, ಮರುದಿನದಿಂದಲೇ ತಂಡ ಗೆಲ್ಲುತ್ತದೆ ಅಂತ ಅಭಿಮಾನಿಗಳು ಅಂದುಕೊಳ್ಳುತ್ತಾರೆ. ನಮ್ಮ ಊರಿನವರಿಗಂತೂ ಈ ಅಭ್ಯಾಸ ಜಾಸ್ತಿ. ಅದಕ್ಕೆ ಕಾರಣವೂ ಇದೆ. 2013ರಲ್ಲಿ ಕ್ಲಬ್ ಹುಟ್ಟಿತು, ಆಶ್ಲಿ ವೆಸ್ಟ್‌ವುಡ್ ಕೋಚ್ ಆದರು, ಮೊದಲ ಪ್ರಯತ್ನದಲ್ಲೇ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಕಪ್ ಬಂತು. 2018ರಲ್ಲಿ ಕಾರ್ಲೆಸ್ ಕ್ವಾದ್ರಾತ್ ಬಂದರು, ಅದೇ ಲೀಗಿನಲ್ಲಿ ಐಎಸ್‌ಎಲ್ ಕಪ್ ಬಂತು. ಆದರೆ ಕ್ವಾದ್ರಾತ್ ನಿಜವಾಗಿ ಹೊಸಬರೇನೂ ಅಲ್ಲ. ಅದಕ್ಕೂ ಮುಂಚೆ ಆಲ್ಬರ್ಟ್ ರೋಕಾ ಅವರ ಸಹಾಯಕರಾಗಿ ಇದೇ ಹುಡುಗರ ಜೊತೆ ಇದ್ದವರು. ಅದನ್ನು ನಾವು ಸುಲಭವಾಗಿ ಮರೆತುಬಿಡುತ್ತೇವೆ.

ಜರಗೋಜಾ ಬಂದದ್ದು ಬೇರೆ ಥರ. 2023ರ ಡಿಸೆಂಬರ್, ಲೀಗ್ ಅರ್ಧ ದಾರಿಯಲ್ಲಿತ್ತು. ಕಂಠೀರವದಲ್ಲೇ ಮುಂಬೈ ಸಿಟಿ ನಮ್ಮನ್ನು 4-0 ಅಂತರದಲ್ಲಿ ಸೋಲಿಸಿತು. ಆಗಿನ ಕೋಚ್ ಸೈಮನ್ ಗ್ರೇಸನ್ ಹೊರಟರು. ಹಿಂದಿನ ಲೀಗಿನಲ್ಲಿ ಸತತ ಎಂಟು ಪಂದ್ಯ ಗೆಲ್ಲಿಸಿ ಫೈನಲ್ ತನಕ ಕರೆದೊಯ್ದಿದ್ದವರು ಅವರೇ! ಜರಗೋಜಾ ಕೈಗೆ ಸಿಕ್ಕಿದ್ದು ಬೇರೆಯವರು ಆರಿಸಿದ ಆಟಗಾರರು, ಸೋತು ಬೇಸತ್ತ ತಂಡ. ಪಂದ್ಯದ ಹಿಂದೆ ಪಂದ್ಯ ಇದ್ದಾಗ ಹೊಸದನ್ನು ಕಲಿಸಲು ಸಮಯ ಎಲ್ಲಿ? ಕೊನೆಗೆ 12 ತಂಡಗಳಲ್ಲಿ ಹತ್ತನೇ ಸ್ಥಾನ, 22 ಪಂದ್ಯಗಳಿಂದ 22 ಪಾಯಿಂಟ್. ಆ ಅರ್ಧ ಲೀಗನ್ನು ನಾನು ಅವರ ಲೆಕ್ಕಕ್ಕೆ ಹಾಕುವುದಿಲ್ಲ.

ಆಮೇಲೆ ಸಿಕ್ಕಿತು ನೋಡಿ ಬೇಸಿಗೆಯ ಬಿಡುವು. ಆಗ ಕ್ಲಬ್ ಮಾಡಿದ್ದು ಚೆನ್ನಾಗಿತ್ತು. ನಮಗೆ ನಾಲ್ಕು ಗೋಲು ಬಾರಿಸಿದ ಮುಂಬೈ ತಂಡದಿಂದಲೇ ಮೂವರನ್ನು ಕರೆತಂದರು. ರಾಹುಲ್ ಭೇಕೆ, ಆಲ್ಬರ್ಟೊ ನೊಗೇರಾ, ಜಾರ್ಜ್ ಪೆರೇರಾ ದಿಯಾಸ್. ಭೇಕೆ ನಮ್ಮವರೇ. 2019ರ ಫೈನಲ್‌ನಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ತಲೆಯಿಂದ ಗೋಲು ಹೊಡೆದು ಕಪ್ ತಂದವರು. ಸ್ಪೇನಿನ ಎಡ್ಗರ್ ಮೆಂಡೆಸ್ ಕೂಡ ಬಂದರು.

ಆ ತಂಡಕ್ಕೆ ಸಿಕ್ಕ ಆರಂಭ ಹೇಗಿತ್ತು ಗೊತ್ತಾ? ಕಂಠೀರವದಲ್ಲಿ ಮೊದಲ ಪಂದ್ಯ, ಈಸ್ಟ್ ಬೆಂಗಾಲ್ ವಿರುದ್ಧ 1-0. ಗೋಲು ಹೊಡೆದವನು ವಿನೀತ್ ವೆಂಕಟೇಶ್, ಕ್ಲಬ್ಬಿನ ಕಿರಿಯರ ತಂಡದಿಂದ ಬಂದ ಹುಡುಗ. ಹೈದರಾಬಾದ್ ಮೇಲೆ 3-0. ಮೋಹನ್ ಬಾಗಾನ್ ಮೇಲೂ 3-0. ಮೊದಲ ಐದು ಪಂದ್ಯಗಳಲ್ಲಿ ಗುರುಪ್ರೀತ್ ಸಿಂಗ್ ಸಂಧು ಕಾಯುತ್ತಿದ್ದ ಬಲೆಗೆ ಒಂದೇ ಒಂದು ಚೆಂಡೂ ಬೀಳಲಿಲ್ಲ. ವೆಸ್ಟ್ ಬ್ಲಾಕಿನಲ್ಲಿ ಕೂಗಿ ಹುರಿದುಂಬಿಸುವ ಅಭಿಮಾನಿ ಹುಡುಗರ ಗಂಟಲು ಹೋಗಿರಬೇಕು.

ನನ್ನ ಮಟ್ಟಿಗೆ ಜರಗೋಜಾ ತೆಗೆದುಕೊಂಡ ದೊಡ್ಡ ನಿರ್ಧಾರ ಸುನಿಲ್ ಚೆಟ್ರಿ ವಿಷಯದಲ್ಲಿ. ಆ ಆಗಸ್ಟ್‌ನಲ್ಲಿ ಚೆಟ್ರಿಗೆ 40 ತುಂಬಿತ್ತು. ರಾಷ್ಟ್ರೀಯ ತಂಡಕ್ಕೆ ಜೂನ್‌ನಲ್ಲೇ ವಿದಾಯ ಹೇಳಿದ್ದರು. ಬೆಂಗಳೂರಿನಲ್ಲಿ ಈ ಆಟಗಾರನನ್ನು ಬೆಂಚಿನ ಮೇಲೆ ಕೂರಿಸುವುದು ಅಂದರೆ ಸಣ್ಣ ಮಾತಲ್ಲ. ಸೋತರೆ ಬೈಗುಳ ಎಲ್ಲ ಕೋಚ್ ತಲೆಗೇ. ಆದರೂ ಅವರು ಎಷ್ಟೋ ಪಂದ್ಯಗಳಲ್ಲಿ ಚೆಟ್ರಿಯನ್ನು ಎರಡನೇ ಅರ್ಧಕ್ಕೆ ಉಳಿಸಿಕೊಂಡರು. ಎದುರಾಳಿ ಡಿಫೆಂಡರ್‌ಗಳ ಕಾಲು ಸೋತ ಹೊತ್ತಿಗೆ ಸರಿಯಾಗಿ ಈ ಮನುಷ್ಯ ಮೈದಾನಕ್ಕೆ ಇಳಿಯುತ್ತಿದ್ದರು. ಓಡುವ ಕೆಲಸವನ್ನು ಬೇರೆಯವರು ಮಾಡಿ ಮುಗಿಸಿರುತ್ತಿದ್ದರು. ಚೆಂಡು ಎಲ್ಲಿ ಬೀಳುತ್ತದೆ ಅಂತ ಮೊದಲೇ ತಿಳಿದು ಅಲ್ಲಿ ನಿಲ್ಲುವುದಷ್ಟೇ ಇವರ ಕೆಲಸ. ಅದಕ್ಕೆ ವಯಸ್ಸು ಅಡ್ಡ ಬರುವುದಿಲ್ಲ, ಅಲ್ವಾ? ಹೈದರಾಬಾದ್ ವಿರುದ್ಧ ಹಾಗೆ ಇಳಿದು ಎರಡು ಗೋಲು. ಡಿಸೆಂಬರ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಹ್ಯಾಟ್ರಿಕ್. ಐಎಸ್‌ಎಲ್‌ನಲ್ಲಿ ಅಷ್ಟು ವಯಸ್ಸಿನವರು ಹ್ಯಾಟ್ರಿಕ್ ಹೊಡೆದದ್ದು ಅದೇ ಮೊದಲು. ಫೈನಲ್ ಮುಗಿಯುವ ಹೊತ್ತಿಗೆ ಒಟ್ಟು 14 ಗೋಲು.

ನಡುವೆ ತಂಡ ಸುಸ್ತಾಯಿತು. ಗೋವಾದಲ್ಲಿ ಮೂರು ಗೋಲು, ಒಡಿಶಾದಲ್ಲಿ ನಾಲ್ಕು ಬಿಟ್ಟುಕೊಟ್ಟರು. ಜನವರಿಯಲ್ಲಿ ಮೊಹಮ್ಮಡನ್ ತಂಡ ಕಂಠೀರವಕ್ಕೇ ಬಂದು 1-0 ಅಂತ ಗೆದ್ದು ಹೋಯಿತು. ಆ ಲೀಗಿನ ಕಟ್ಟಕಡೆಯ ತಂಡ ಅದು! ಎದುರಾಳಿಯ ಅರ್ಧಕ್ಕೇ ಹೋಗಿ ಒತ್ತಿ ಆಡುವ ತಂಡಕ್ಕೆ ಈ ಅಪಾಯ ಇದ್ದದ್ದೇ. ಮುಂದಿನವರ ಒತ್ತಡ ಸ್ವಲ್ಪ ಸಡಿಲವಾದರೂ ಹಿಂದೆ ಬಯಲು ಬಯಲು. ಅದನ್ನು ಮುಚ್ಚುವ ದಾರಿ ಜರಗೋಜಾಗೆ ಬೇಗ ಹೊಳೆಯಲಿಲ್ಲ. ಆದರೂ 24 ಪಂದ್ಯಗಳಿಂದ 38 ಪಾಯಿಂಟ್, ಮೂರನೇ ಸ್ಥಾನ.

ಆಮೇಲೆ ಸೋತವರು ಹೊರಹೋಗುವ ಪ್ಲೇಆಫ್. ಅದಕ್ಕೆ ಬಂದ ಎದುರಾಳಿ ಯಾರು? ಅದೇ ಮುಂಬೈ ಸಿಟಿ, ಅದೇ ಕಂಠೀರವ. ಈ ಸಲ ಗೆದ್ದವರು ನಾವು, 5-0. ಸೆಮಿಫೈನಲ್‌ನಲ್ಲಿ ಗೋವಾ. ಇಲ್ಲಿ 2-0 ಗೆದ್ದು ಹೋದೆವು. ಅಲ್ಲಿ ಅವರು ಎರಡನ್ನೂ ತೀರಿಸಿದರು. ಇನ್ನೇನು ಹೆಚ್ಚುವರಿ ಸಮಯ ಅನ್ನುವಾಗ, ನಮ್ಗ್ಯಾಲ್ ಭೂಟಿಯಾ ಕೊಟ್ಟ ಚೆಂಡಿಗೆ ತಲೆ ಕೊಟ್ಟವರು ಬೆಂಚಿನಿಂದ ಎದ್ದು ಬಂದಿದ್ದ ಚೆಟ್ರಿ. ಒಟ್ಟು 3-2. ಕೋಚ್ ಲೆಕ್ಕ ಅಷ್ಟು ಚೆನ್ನಾಗಿ ಕೂಡಿಬಂದ ರಾತ್ರಿ ಇನ್ನೊಂದಿಲ್ಲ.

ಫೈನಲ್ ಏಪ್ರಿಲ್ 12ರಂದು, ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ, ಮೋಹನ್ ಬಾಗಾನ್ ಎದುರು. ಈ ತಂಡದ ಹೆಸರು ಕೇಳಿದರೆ ಹಳೇ ಬೆಂಗಳೂರು ಅಭಿಮಾನಿಗಳ ಮುಖ ಈಗಲೂ ಗಂಟಿಕ್ಕುತ್ತದೆ. 2015ರಲ್ಲಿ ಐ-ಲೀಗಿನ ಕೊನೆಯ ದಿನ, ನಮ್ಮ ಕಂಠೀರವದಲ್ಲೇ, ಇನ್ನು ಕೆಲವೇ ನಿಮಿಷ ಇದ್ದಾಗ ಬೆಲ್ಲೊ ರಜಾಕ್ ತಲೆಯಿಂದ ಹೊಡೆದ ಒಂದು ಗೋಲು ಕಪ್ಪನ್ನು ಅವರಿಗೆ ಕೊಟ್ಟಿತು. 2023ರ ಐಎಸ್‌ಎಲ್ ಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ಸೋತೆವು. 2024ರ ಡುರಾಂಡ್ ಕಪ್ ಸೆಮಿಫೈನಲ್‌ನಲ್ಲಿ 2-0 ಮುಂದಿದ್ದು, ಮತ್ತೆ ಪೆನಾಲ್ಟಿಯಲ್ಲಿ ಸೋತೆವು. ಈ ಫೈನಲ್‌ನಲ್ಲೂ ಅವರದೇ ಆಟಗಾರನ ಸ್ವಂತ ಗೋಲಿನಿಂದ ನಾವು ಮುಂದಾದೆವು. ಜೇಸನ್ ಕಮಿಂಗ್ಸ್ ಪೆನಾಲ್ಟಿಯಲ್ಲಿ ಸಮ ಮಾಡಿದರು. ಹೆಚ್ಚುವರಿ ಸಮಯದಲ್ಲಿ ಜೇಮಿ ಮ್ಯಾಕ್ಲಾರೆನ್ ಮುಗಿಸಿದರು. 2-1.

ಹತ್ತನೇ ಸ್ಥಾನದಿಂದ ಮೂರಕ್ಕೆ, ಅಲ್ಲಿಂದ ಫೈನಲ್‌ಗೆ. ಇದಕ್ಕಿಂತ ಇನ್ನೇನು ಬೇಕು ಅಂತ ಕೇಳಬಹುದು. ನನಗೆ ಒಂದು ತಕರಾರು ಇದೆ. ಆ ವರ್ಷ ಇಡೀ ಲೀಗಿನಲ್ಲಿ ಅತಿ ಹೆಚ್ಚು ಗೋಲು ಹೊಡೆದ ಭಾರತೀಯ ಚೆಟ್ರಿಯೇ. ನಿವೃತ್ತಿ ಹೇಳಿದ್ದವರನ್ನು ಮಾರ್ಚ್‌ನಲ್ಲಿ ರಾಷ್ಟ್ರೀಯ ತಂಡವೂ ವಾಪಸ್ ಕರೆಯಿತು. ಅವರಿಗೆ ಅದು ಹೆಮ್ಮೆ, ಸರಿ. ಆದರೆ ಕ್ಲಬ್ಬಿಗೆ? ಗ್ರೇಸನ್ ಕಾಲದಲ್ಲಿ ಮಿಂಚಿದ ಯುವ ಫಾರ್ವರ್ಡ್ ಶಿವಶಕ್ತಿ ನಾರಾಯಣನ್ ಹೆಸರು ಈ ಸಲ ಅಷ್ಟಾಗಿ ಕೇಳಲಿಲ್ಲ. ವಿದೇಶಿ ಫಾರ್ವರ್ಡ್‌ಗಳನ್ನು ಹಣ ಕೊಟ್ಟು ತರಬಹುದು. 20ರ ಆಸುಪಾಸಿನ ಒಬ್ಬ ಭಾರತೀಯನನ್ನು ಗೋಲಿನ ಮುಂದೆ ನಿಲ್ಲಿಸಿ, ನಾಲ್ಕು ಸಲ ತಪ್ಪಿದರೂ ಐದನೇ ಸಲ ನಿಲ್ಲಿಸುವ ಧೈರ್ಯ ಕೋಚ್‌ಗೇ ಬರಬೇಕು. ಚೆಟ್ರಿಯನ್ನು ಬೆಂಚಿನಲ್ಲಿ ಕೂರಿಸಲು ಹೆದರದ ಜರಗೋಜಾ ಇದಕ್ಕೆ ಯಾಕೆ ಹಿಂಜರಿದರೋ. ನಮಸ್ಕಾರ.